ಹಳೆ ಕಾರಿಗೆ ಕಿಡಿ ಕೊಟ್ಟ ಕೆಟರಿಂಗ್: ಸೇತುವೆ ಮೇಲೆ ಕೆಟ್ಟು ನಿಂತ ಕಾರಿನ ಕತೆ ಎಷ್ಟು ನಿಜ?

ಹಳೆ ಕಾರುಗಳ ಹುಚ್ಚಿರುವವರಿಗೆ ಈ ಕತೆ ಒಮ್ಮೆಯಾದರೂ ಬಂದಿರುತ್ತದೆ. ಅಮೆರಿಕದ ಡೆಟ್ರಾಯಿಟ್ ನಗರದ ಬೆಲ್ ಐಲ್ ಸೇತುವೆ. ಕೊರೆಯುವ ಚಳಿ. ಮಹಿಳೆಯೊಬ್ಬರ ಕ್ಯಾಡಿಲಾಕ್ ಕಾರು ಸೇತುವೆ ಮೇಲೆ ಆಫ್ ಆಗಿ ನಿಂತಿದೆ. ಆ ದಾರಿಯಲ್ಲಿ ಬಂದ ಬೈರನ್ ಕಾರ್ಟರ್ ಎಂಬ ಕಾರು ತಯಾರಕರು ಸಹಾಯಕ್ಕೆಂದು ಇಳಿದು, ಕಾರಿನ ಮುಂದಿನ ಹ್ಯಾಂಡಲ್ ಹಿಡಿದು ತಿರುಗಿಸುತ್ತಾರೆ. ಹ್ಯಾಂಡಲ್ ತಿರುಗಿ ಒದ್ದು ಅವರ ದವಡೆ ಮುರಿಯುತ್ತದೆ, ಆ ಗಾಯದಿಂದಲೇ ಅವರು ತೀರಿಕೊಳ್ಳುತ್ತಾರೆ. ಗೆಳೆಯನನ್ನು ಕಳೆದುಕೊಂಡ ಕ್ಯಾಡಿಲಾಕ್ ಮುಖ್ಯಸ್ಥ ಹೆನ್ರಿ ಲೇಲೆಂಡ್ ಕೂಡಲೇ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರನ್ನು ಕರೆಸಿ, ಹ್ಯಾಂಡಲ್ ಇಲ್ಲದೆ ಸ್ಟಾರ್ಟ್ ಆಗುವ ಕಾರು ಮಾಡಿಕೊಡುವಂತೆ ಕೇಳುತ್ತಾರೆ. ಹೀಗೆ ಸೆಲ್ಫ್ ಸ್ಟಾರ್ಟರ್ ಹುಟ್ಟಿತು ಎಂಬಲ್ಲಿಗೆ ಕತೆ ಮುಗಿಯುತ್ತದೆ.

ಕತೆಯೇನೋ ಚೆನ್ನಾಗಿದೆ, ತಾರೀಖುಗಳು ಮಾತ್ರ ಹೊಂದುವುದಿಲ್ಲ. ಕಾರ್ಟರ್ ತೀರಿಕೊಂಡದ್ದು 1908ರ ಏಪ್ರಿಲ್‌ನಲ್ಲಿ, ನ್ಯುಮೋನಿಯಾದಿಂದ. ಆಗ ಕೆಟರಿಂಗ್ ಅವರ ಕಂಪನಿ ಇನ್ನೂ ಹುಟ್ಟಿಯೇ ಇರಲಿಲ್ಲ. ಅವರು ಸ್ಟಾರ್ಟರ್ ಕೆಲಸಕ್ಕೆ ಕೈಹಾಕುವ ಹೊತ್ತಿಗೆ ಕಾರ್ಟರ್ ಸತ್ತು ಎರಡು ವರ್ಷ ದಾಟಿತ್ತು. ಕೆಲವರು ಇದನ್ನು 1910ರ ಚಳಿಗಾಲದ ಘಟನೆ ಎಂದು ಹೇಳುತ್ತಾರೆ. ಹಾಗಾದರೆ ಸತ್ತವರೇ ಬಂದು ಹ್ಯಾಂಡಲ್ ತಿರುಗಿಸಿರಬೇಕು!

ಆದರೂ ಈ ಕತೆಯನ್ನು ಪೂರ್ತಿ ಕಸದ ಬುಟ್ಟಿಗೆ ಹಾಕುವಂತಿಲ್ಲ. ಹ್ಯಾಂಡಲ್ ಒದ್ದು ಕೈ ಮುರಿಯುವುದು ಆ ಕಾಲದಲ್ಲಿ ಮಾಮೂಲಾಗಿತ್ತು. ಮಣಿಕಟ್ಟಿನ ಬಳಿ ಹೆಬ್ಬೆರಳಿನ ಕಡೆಯ ಮೂಳೆಯಲ್ಲಿ ಆಗುವ ಒಂದು ಬಗೆಯ ಮುರಿತಕ್ಕೆ ಮೂಳೆ ವೈದ್ಯರು ಇವತ್ತಿಗೂ ಶೋಫರ್ಸ್ ಫ್ರ್ಯಾಕ್ಚರ್, ಅಂದರೆ ಡ್ರೈವರನ ಮುರಿತ ಎನ್ನುತ್ತಾರೆ. ಇದಕ್ಕೆ ಕಾರಣ ಹ್ಯಾಂಡಲ್ ಅಲ್ಲ, ಕಿಡಿ ಹಾರುವ ಸಮಯ. ಎಂಜಿನ್ ಜೋರಾಗಿ ಓಡುವಾಗ ಪಿಸ್ಟನ್ ಪೂರ್ತಿ ಮೇಲೆ ಬರುವ ಮೊದಲೇ ಕಿಡಿ ಹಾರಬೇಕು, ಏಕೆಂದರೆ ಪೆಟ್ರೋಲ್ ಉರಿಯಲು ಚೂರು ಸಮಯ ಬೇಕು. ಕೈಯಿಂದ ನಿಧಾನಕ್ಕೆ ತಿರುಗಿಸುವಾಗಲೂ ಕಿಡಿ ಅಷ್ಟೇ ಮುಂಚೆ ಹಾರಿದರೆ, ಉರಿಯುವ ಅನಿಲ ಪಿಸ್ಟನ್ನನ್ನು ಬಂದ ದಾರಿಗೇ ವಾಪಸ್ ತಳ್ಳುತ್ತದೆ. ಆ ಪೆಟ್ಟು ನೇರ ಕೈಗೆ ಬೀಳುತ್ತದೆ. ಅದಕ್ಕೇ ಆಗಿನ ಕಾರುಗಳಲ್ಲಿ ಕಿಡಿಯನ್ನು ಹಿಂದೆ ಮುಂದೆ ಮಾಡಲು ಸ್ಟಿಯರಿಂಗ್ ಹತ್ತಿರ ಒಂದು ಲಿವರ್ ಇರುತ್ತಿತ್ತು. ಅದನ್ನು ಹಿಂದಕ್ಕೆ ಸರಿಸಲು ಮರೆತವರು ಆಸ್ಪತ್ರೆ ಸೇರುತ್ತಿದ್ದರು.

ಅಂದರೆ ಕಾರು ಸ್ಟಾರ್ಟ್ ಮಾಡುವುದೂ ಕಿಡಿಯನ್ನು ಸರಿ ಮಾಡುವುದೂ ಒಂದೇ ಸಮಸ್ಯೆಯ ಎರಡು ತುದಿಗಳು. ಎರಡನ್ನೂ ಹಿಡಿದು ಕೂತವರು ಕೆಟರಿಂಗ್.

ಕಣ್ಣು ಕೈಕೊಟ್ಟ ಹುಡುಗ

ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅಮೆರಿಕದ ಓಹಾಯೊ ರಾಜ್ಯದ ಲೌಡನ್‌ವಿಲ್ ಬಳಿಯ ಒಂದು ಹೊಲಮನೆಯಲ್ಲಿ. ಓದಿನಲ್ಲಿ ಚುರುಕು, ಆದರೆ ಕಣ್ಣು ಬಹಳ ದುರ್ಬಲ. ಸ್ವಲ್ಪ ಹೊತ್ತು ಪುಸ್ತಕ ಹಿಡಿದರೆ ತಲೆ ಸಿಡಿಯುತ್ತಿತ್ತು. ಕೆಲಕಾಲ ಹಳ್ಳಿ ಶಾಲೆಯಲ್ಲಿ ಮೇಷ್ಟರಾಗಿದ್ದರು. ಕಣ್ಣಿನ ಕಾರಣಕ್ಕೇ ಕಾಲೇಜು ಬಿಟ್ಟು ಟೆಲಿಫೋನ್ ಕಂಬ ನೆಡುವ, ತಂತಿ ಎಳೆಯುವ ಕೆಲಸಕ್ಕೆ ಸೇರಿದರು. ಮತ್ತೆ ಕಾಲೇಜಿಗೆ ಹೋದಾಗ ಜೊತೆಯವರು ಪಾಠ ಓದಿ ಹೇಳುತ್ತಿದ್ದರು, ಇವರು ಕೇಳಿಸಿಕೊಂಡು ನೆನಪಿಡುತ್ತಿದ್ದರು. ಹೀಗೆ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಕೈಗೆ ಬಂದದ್ದು 1904ರಲ್ಲಿ. ಜೊತೆಗೆ ಓದಲು ಶುರುಮಾಡಿದವರು ಅಷ್ಟು ಹೊತ್ತಿಗೆ ಕೆಲಸದಲ್ಲಿ ಹಳಬರಾಗಿದ್ದರು.

ಟೆಲಿಫೋನ್ ತಂತಿಯ ಆ ವರ್ಷಗಳು ವ್ಯರ್ಥವಾಗಲಿಲ್ಲ ಎಂದು ನನಗನ್ನಿಸುತ್ತದೆ. ಮೈಲುಗಟ್ಟಲೆ ಉದ್ದದ ಲೈನಿನಲ್ಲಿ ಎಲ್ಲಿ ಕಟ್ ಆಗಿದೆ ಎಂದು ಹುಡುಕುವವನು ಊಹೆ ಮಾಡಿಕೊಂಡು ಕೂರುವಂತಿಲ್ಲ. ಈ ಕಂಬದವರೆಗೆ ಸರಿಯಿದೆಯೇ, ಮುಂದಿನ ಕಂಬದವರೆಗೆ ಸರಿಯಿದೆಯೇ ಎಂದು ಒಂದೊಂದೇ ತುಂಡನ್ನು ಪರೀಕ್ಷಿಸುತ್ತಾ ಹೋಗಬೇಕು.

ಪದವಿ ಮುಗಿಸಿ ಸೇರಿದ್ದು ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಗೆ. ಅಂಗಡಿಗಳ ಗಲ್ಲಾ ಯಂತ್ರಕ್ಕೆ ಆಗ ಕೈಯಿಂದ ಹಿಡಿಕೆ ತಿರುಗಿಸಬೇಕಿತ್ತು. ಅದಕ್ಕೆ ಕೆಟರಿಂಗ್ ಒಂದು ಪುಟ್ಟ ವಿದ್ಯುತ್ ಮೋಟಾರ್ ಕೂರಿಸಿದರು. ಆ ಮೋಟಾರ್ ದಿನವಿಡೀ ಓಡಬೇಕಿರಲಿಲ್ಲ, ಒಂದೆರಡು ಸೆಕೆಂಡು ಜೋರಾಗಿ ಎಳೆದರೆ ಸಾಕಿತ್ತು. ಈ ಚಿಕ್ಕ ವಿಷಯವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೊಟ್ಟಿಗೆಯಲ್ಲಿ ಹುಟ್ಟಿದ ಡೆಲ್ಕೋ

ಕಂಪನಿಯಲ್ಲಿ ಹಿರಿಯ ಅಧಿಕಾರಿಯಾಗಿದ್ದ ಎಡ್ವರ್ಡ್ ಡೀಡ್ಸ್ ಅವರ ಮನೆಯ ಹಿಂದೆ ಒಂದು ಕೊಟ್ಟಿಗೆ ಇತ್ತು. ಸಂಜೆ, ರಾತ್ರಿ, ರಜೆಯ ದಿನ ಕೆಟರಿಂಗ್ ಮತ್ತು ಗೆಳೆಯರು ಅಲ್ಲಿ ಸೇರಿ ಕಾರಿನ ಕಿಡಿಯ ಸಮಸ್ಯೆಯನ್ನು ಬಿಡಿಸಲು ಕೂತರು. ಆಗಿನ ಹಲವು ಕಾರುಗಳಲ್ಲಿ ಟಾರ್ಚಿನಂಥ ಒಣ ಬ್ಯಾಟರಿಗಳಿಂದ ನಡುಗುವ ಕಾಯಿಲ್ ಒಂದಕ್ಕೆ ಕರೆಂಟ್ ಕೊಡುತ್ತಿದ್ದರು. ಅದು ಗುಂಯ್ ಎನ್ನುತ್ತಾ ಒಂದರ ಹಿಂದೆ ಒಂದು ಪುಟ್ಟ ಕಿಡಿಗಳನ್ನು ಸುರಿಸುತ್ತಿತ್ತು. ಬ್ಯಾಟರಿ ಬೇಗ ಖಾಲಿ, ಕಿಡಿಯೂ ಯಾವಾಗ ಹಾರುತ್ತದೆ ಎಂಬ ಖಾತ್ರಿ ಇಲ್ಲ. ಕೆಟರಿಂಗ್ ಮಾಡಿದ್ದು ಕೇಳಲು ಬಹಳ ಸರಳ: ಹತ್ತು ಬಡಕಲು ಕಿಡಿಗಳ ಬದಲು ಸರಿಯಾದ ಕ್ಷಣಕ್ಕೆ ಒಂದೇ ಗಟ್ಟಿ ಕಿಡಿ. ಲೇಲೆಂಡ್ ಅದನ್ನು ಮೆಚ್ಚಿ 1910ರ ಮಾದರಿಯ ಕ್ಯಾಡಿಲಾಕ್‌ಗಳಿಗಾಗಿ ಸಾವಿರಾರು ಸೆಟ್‌ಗಳಿಗೆ ಆರ್ಡರ್ ಕೊಟ್ಟರು. ಆರ್ಡರ್ ಏನೋ ಬಂತು, ತಯಾರಿಸಲು ಕಾರ್ಖಾನೆಯೇ ಇರಲಿಲ್ಲ! 1909ರಲ್ಲಿ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಹುಟ್ಟಿದ್ದು ಹೀಗೆ. ಆ ಉದ್ದ ಹೆಸರಿನ ಮೊದಲಕ್ಷರಗಳೇ ಡೆಲ್ಕೋ. ನಮ್ಮ ದೇಶದ ಹಳೆ ಮೆಕ್ಯಾನಿಕ್‌ಗಳ ಬಾಯಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಡೆಲ್ಕೋ ಎಂಬ ಹೆಸರೇ ಉಳಿದಿದೆ. ಸ್ಪ್ಯಾನಿಷ್ ಭಾಷೆಯಲ್ಲಂತೂ ಅದು ನಿಘಂಟಿನ ಪದ.

ಕಾರಿನ ಕಿಡಿಯನ್ನು ಕಂಡುಹಿಡಿದವರೇ ಕೆಟರಿಂಗ್ ಎಂದು ಎಲ್ಲಾದರೂ ಓದಿದರೆ ನಂಬಬೇಡಿ. 1886ರ ಬೆನ್ಜ್ ಕಾರಿನಲ್ಲೂ ಬ್ಯಾಟರಿ ಕಾಯಿಲ್ ಕಿಡಿಯೇ ಇತ್ತು. ಬ್ಯಾಟರಿ, ಕಾಯಿಲ್, ಪಾಯಿಂಟ್ ಇರುವ ಕಿಡಿಯನ್ನು ದಿನನಿತ್ಯದ ಬಳಕೆಗೆ ನಂಬಬಹುದಾದಂತೆ ಮಾಡಿದ್ದು ಅವರ ಸಾಧನೆ. ಅಂಥ ವ್ಯವಸ್ಥೆಗೆ ಇಂದಿಗೂ ಕೆಟರಿಂಗ್ ಇಗ್ನಿಷನ್ ಎಂದೇ ಹೆಸರು. ನಮ್ಮ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಬಾನೆಟ್ ಕೆಳಗೆ ಕೂತಿದ್ದದ್ದೂ ಇದೇ.

ಇದು ಕೆಲಸ ಮಾಡುವ ಬಗೆ ತಿಳಿದರೆ ಕಾರು ಸ್ಟಾರ್ಟ್ ಆಗದ ದಿನ ಗಾಬರಿ ಅರ್ಧಕ್ಕಿಳಿಯುತ್ತದೆ. ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಎಂಬ ಒಂದು ಪುಟ್ಟ ಸ್ವಿಚ್ ಇದೆ. ಅದು ಮುಚ್ಚಿದಾಗ ಬ್ಯಾಟರಿಯ ಕರೆಂಟ್ ಕಾಯಿಲ್‌ನ ದಪ್ಪ ತಂತಿಯಲ್ಲಿ ಹರಿದು ಕಾಂತಕ್ಷೇತ್ರ ಹುಟ್ಟುತ್ತದೆ. ಪಾಯಿಂಟ್ ತೆರೆದ ಕ್ಷಣ ಆ ಕ್ಷೇತ್ರ ಕುಸಿದು, ಕಾಯಿಲ್‌ನಲ್ಲಿರುವ ಸಾವಿರಾರು ಸುತ್ತಿನ ಸಣ್ಣ ತಂತಿಯಲ್ಲಿ ಹತ್ತಿಪ್ಪತ್ತು ಸಾವಿರ ವೋಲ್ಟ್ ಚಿಮ್ಮುತ್ತದೆ. ರೋಟರ್ ತಿರುಗುತ್ತಾ ಅದನ್ನು ಸರದಿಯಲ್ಲಿರುವ ಸಿಲಿಂಡರಿನ ಸ್ಪಾರ್ಕ್ ಪ್ಲಗ್‌ಗೆ ದಾಟಿಸುತ್ತದೆ. ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಹಾರಿ ಸುಟ್ಟುಹೋಗದಂತೆ ಪಕ್ಕದಲ್ಲಿರುವ ಕಂಡೆನ್ಸರ್ ನೋಡಿಕೊಳ್ಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಇದೆಲ್ಲ ಸೆಕೆಂಡಿಗೆ 100 ಸಲ ನಡೆಯುತ್ತದೆ.

ಹಾಗಾಗಿ ಹುಡುಕುವ ದಾರಿಯೂ ಟೆಲಿಫೋನ್ ಲೈನಿನ ದಾರಿಯೇ. ಸೆಲ್ಫ್ ಹೊಡೆದರೆ ಎಂಜಿನ್ ಜೋರಾಗಿ ತಿರುಗುತ್ತಿದೆ, ಆದರೂ ಹತ್ತಿಕೊಳ್ಳುತ್ತಿಲ್ಲ ಎಂದರೆ ಬ್ಯಾಟರಿಯನ್ನು ದೂರಿ ಪ್ರಯೋಜನವಿಲ್ಲ. ಮೊದಲು ಮೆಕ್ಯಾನಿಕ್‌ಗಳು ಹೇಳುವ ಹಾಗೆ ಪ್ಲಗ್‌ಗೆ ಕರೆಂಟ್ ಬರುತ್ತಿದೆಯೇ ನೋಡಬೇಕು. ಒಂದು ಪ್ಲಗ್ ಬಿಚ್ಚಿ ಅದರ ವೈರಿಗೇ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್‌ಗೆ ತಾಗುವಂತೆ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸುತ್ತಾರೆ. ನೀಲಿ ಬಣ್ಣದ ಗಟ್ಟಿ ಕಿಡಿ ಬಂದರೆ ತೊಂದರೆ ಬಹುಶಃ ಪೆಟ್ರೋಲ್ ಕಡೆಯದ್ದು. ಹಳದಿಯ ಬಡಕಲು ಕಿಡಿಯಾದರೆ ಪಾಯಿಂಟ್ ಅಥವಾ ಕಂಡೆನ್ಸರ್ ಮೇಲೆ ಅನುಮಾನ. ಕಿಡಿಯೇ ಇಲ್ಲವೆಂದರೆ ಹಿಂದಕ್ಕೆ ಹೋಗಬೇಕು: ಕಾಯಿಲ್‌ನಿಂದ ಹೊರಡುವ ದಪ್ಪ ವೈರಿನಲ್ಲಿ ಕಿಡಿ ಇದೆಯೇ? ಅಲ್ಲಿ ಇದ್ದು ಪ್ಲಗ್‌ನಲ್ಲಿ ಇಲ್ಲದಿದ್ದರೆ ರೋಟರ್ ಅಥವಾ ಡಿಸ್ಟ್ರಿಬ್ಯೂಟರ್ ಕ್ಯಾಪ್ ನೋಡಿ. ಕಾಯಿಲ್‌ನಲ್ಲೇ ಇಲ್ಲದಿದ್ದರೆ ಇಗ್ನಿಷನ್ ಸ್ವಿಚ್‌ನಿಂದ ಕಾಯಿಲ್‌ವರೆಗೆ 12 ವೋಲ್ಟ್ ತಲುಪುತ್ತಿದೆಯೇ, ಪಾಯಿಂಟ್ ನಿಜಕ್ಕೂ ತೆರೆದು ಮುಚ್ಚುತ್ತಿದೆಯೇ ನೋಡಬೇಕು. ತಿಂಗಳುಗಟ್ಟಲೆ ನಿಂತ ಕಾರಿನ ಪಾಯಿಂಟ್ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟಿದರೂ ಕರೆಂಟ್ ದಾಟುವುದಿಲ್ಲ. ಪಾಯಿಂಟ್‌ಗಳ ನಡುವಿನ ಅಂತರ ಬಹಳಷ್ಟು ಹಳೆ ಕಾರುಗಳಲ್ಲಿ 0.4 ಮಿ.ಮೀ. ಆಸುಪಾಸು, ಆದರೆ ನಿಮ್ಮ ಕಾರಿನ ಪುಸ್ತಕ ಹೇಳುವ ಅಳತೆಯೇ ಅಂತಿಮ.

ಮಲೆನಾಡಿನ ಮಳೆಗಾಲದಲ್ಲಿ ಹಳೆ ಕಾರು ಬೆಳಿಗ್ಗೆ ಮುನಿಸಿಕೊಂಡು ಮಧ್ಯಾಹ್ನದ ಬಿಸಿಲಿಗೆ ತಾನಾಗಿ ಸ್ಟಾರ್ಟ್ ಆಗುವುದಕ್ಕೆ ದೃಷ್ಟಿ ಕಾರಣವಲ್ಲ. ಕ್ಯಾಪ್ ಒಳಗೆ ತೇವ ಕೂತಿರುತ್ತದೆ, ಕಿಡಿ ಪ್ಲಗ್ಗಿಗೆ ಹೋಗುವ ಬದಲು ಆ ತೇವದ ದಾರಿ ಹಿಡಿದು ಸೋರಿಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಅಷ್ಟೇ ಸಾಕು.

ಒಂದು ಎಚ್ಚರಿಕೆ. ಪೆಟ್ರೋಲ್ ವಾಸನೆ ಇರುವಲ್ಲಿ, ಪ್ಲಗ್ ಬಿಚ್ಚಿದ ರಂಧ್ರದ ಹತ್ತಿರ ಕಿಡಿ ಪರೀಕ್ಷೆ ಮಾಡಬಾರದು. ವೈರನ್ನು ಬರಿಗೈಯಲ್ಲಿ ಹಿಡಿಯಬಾರದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸಕ್ಕೆ ಹತ್ತಿರವೇ ಹೋಗಬಾರದು.

ಆಗದು ಎಂದವರಿಗೆ ಗಲ್ಲಾ ಯಂತ್ರದ ಉತ್ತರ

ಈಗ ಸ್ಟಾರ್ಟರ್ ವಿಷಯ. ವಿದ್ಯುತ್ ಸ್ಟಾರ್ಟರ್ ಪ್ರಯತ್ನ ಇಂಗ್ಲೆಂಡ್‌ನಲ್ಲಿ 1896ರಲ್ಲೇ ನಡೆದಿತ್ತು. ಆದರೆ ಎಂಜಿನ್ನನ್ನು ತಿರುಗಿಸಬಲ್ಲ ಮೋಟಾರ್ ಮಾಡಿದರೆ ಅದೂ ಅದರ ಬ್ಯಾಟರಿಯೂ ಸೇರಿ ಎಂಜಿನ್ನಿನಷ್ಟೇ ದೊಡ್ಡದಾಗುತ್ತದೆ ಎಂಬುದು ತಿಳಿದವರ ಲೆಕ್ಕವಾಗಿತ್ತು. ದಿನವಿಡೀ ಓಡುವ ಮೋಟಾರ್ ಆದರೆ ಆ ಲೆಕ್ಕ ಸರಿ. ಗಲ್ಲಾ ಯಂತ್ರದಲ್ಲಿ ಕೈ ಪಳಗಿಸಿಕೊಂಡಿದ್ದ ಕೆಟರಿಂಗ್‌ಗೆ ಗೊತ್ತಿತ್ತು, ಕೆಲವೇ ಸೆಕೆಂಡಿನ ಕೆಲಸಕ್ಕೆ ಪುಟ್ಟ ಮೋಟಾರಿಗೆ ಅದರ ಶಕ್ತಿ ಮೀರಿದ ಕರೆಂಟ್ ಕೊಟ್ಟರೂ ಅದು ಸುಟ್ಟುಹೋಗುವಷ್ಟು ಬಿಸಿಯಾಗುವ ಮೊದಲೇ ಕೆಲಸ ಮುಗಿದಿರುತ್ತದೆ. ಎಂಜಿನ್ ಹತ್ತಿಕೊಂಡ ಮೇಲೆ ಅದೇ ಯಂತ್ರ ಜನರೇಟರ್ ಆಗಿ ಬ್ಯಾಟರಿ ತುಂಬಿಸುವಂತೆಯೂ ಮಾಡಿದರು. 1911ರ ಆರಂಭದಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ತೋರಿಸಿದ್ದಾಯಿತು, 1912ರ ಮಾದರಿಯಲ್ಲಿ ಸ್ಟಾರ್ಟರ್, ದೀಪ, ಇಗ್ನಿಷನ್ ಮೂರೂ ಒಟ್ಟಿಗೆ ಬಂದವು. ಹ್ಯಾಂಡಲ್ ನಿಧಾನಕ್ಕೆ ಮಾಯವಾಯಿತು.

ಮುಂದೆ ಡೆಲ್ಕೋ ಜನರಲ್ ಮೋಟಾರ್ಸ್ ಪಾಲಾಯಿತು. 1920ರಿಂದ 1947ರವರೆಗೆ ಕೆಟರಿಂಗ್ ಆ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರು. ನೂರಕ್ಕೂ ಹೆಚ್ಚು ಪೇಟೆಂಟ್‌ಗಳು, ಡೀಸೆಲ್ ರೈಲು ಎಂಜಿನ್‌ಗಳು, ಬೇಗ ಒಣಗುವ ಬಣ್ಣ ಹೀಗೆ ಪಟ್ಟಿ ಉದ್ದ. ನೀರಿಲ್ಲದೆ ತಣಿಯುವ ತಾಮ್ರದ ಎಂಜಿನ್ ಮಾಡಲು ಹೋಗಿ ಕೈ ಸುಟ್ಟುಕೊಂಡು, 1923ರಲ್ಲಿ ಮಾರಿದ ಕಾರುಗಳನ್ನು ಕಂಪನಿ ವಾಪಸ್ ಪಡೆದದ್ದೂ ಉಂಟು. ಇವನ್ನೆಲ್ಲ ಬಿಟ್ಟು ಒಂದು ಸದ್ದಿನ ಬಗ್ಗೆ ಹೇಳಬೇಕು.

ಟಕ ಟಕ ಸದ್ದು, ತಪ್ಪು ಆರೋಪಿ

ಏರು ಹತ್ತುವಾಗ, ಎಂಜಿನ್ ಮೇಲೆ ಭಾರ ಬಿದ್ದಾಗ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಬರುತ್ತಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ನಾಕ್ ಎನ್ನುತ್ತಾರೆ. ಹಳೆಯ ಮ್ಯಾಗ್ನೆಟೊ ಬಿಟ್ಟು ಬ್ಯಾಟರಿ ಇಗ್ನಿಷನ್ ಹಾಕಿಕೊಂಡದ್ದರಿಂದಲೇ ಈ ರೋಗ ಬಂತು ಎಂದು ಪ್ರತಿಸ್ಪರ್ಧಿಗಳು ಬೆರಳು ತೋರಿಸಿದರು. ಆರೋಪ ಪೂರ್ತಿ ಬುಡವಿಲ್ಲದ್ದೂ ಅಲ್ಲ, ಕಿಡಿ ಅತಿಯಾಗಿ ಮುಂಚೆ ಹಾರಿದರೆ ಸದ್ದು ಹೆಚ್ಚುತ್ತದೆ, ಹಿಂದಕ್ಕೆ ಸರಿಸಿದರೆ ಕಡಿಮೆಯಾಗುತ್ತದೆ. ಆದರೆ ಮೂಲ ಅದೇನಾ?

ಕೆಟರಿಂಗ್ ಈ ಕೆಲಸವನ್ನು ಥಾಮಸ್ ಮಿಜ್ಲಿ ಎಂಬ ಯುವ ಎಂಜಿನಿಯರ್‌ಗೆ ಒಪ್ಪಿಸಿದರು. ಎಂಜಿನ್ನಿಗೆ ಸ್ಫಟಿಕದ ಕಿಟಕಿ ಕೂರಿಸಿ, ಟೊಮ್ಯಾಟೊ ಡಬ್ಬಿಯೊಂದನ್ನು ಬಳಸಿ ತಿರುಗುವ ಕ್ಯಾಮೆರಾ ಮಾಡಿ ಒಳಗಿನ ಉರಿಯ ಚಿತ್ರ ತೆಗೆದರು. ಸದ್ದು ಹುಟ್ಟುವುದು ಕಿಡಿ ಹಾರುವ ಮೊದಲಲ್ಲ, ಹಾರಿದ ನಂತರ ಎಂಬುದು ಕಂಡಿತು. ಕಿಡಿಯಿಂದ ಹೊತ್ತಿದ ಜ್ವಾಲೆ ಹರಡುತ್ತಾ ಬರುವಾಗ ಮೂಲೆಯಲ್ಲಿ ಉಳಿದ ಪೆಟ್ರೋಲ್ ಹೊಗೆ ಒತ್ತಡ ತಾಳಲಾರದೆ ತಾನೇ ಸ್ಫೋಟಿಸುತ್ತದೆ. ದೋಷ ಇಂಧನದ್ದು, ಇಗ್ನಿಷನ್ನಿನದ್ದಲ್ಲ.

ಇಂಧನಕ್ಕೆ ಏನಾದರೂ ಬೆರೆಸಬೇಕು, ಆದರೆ ಏನನ್ನು? ಹಿಮದ ಕೆಳಗೇ ಹೂಬಿಡುವ, ಕೆಂಪು ಎಲೆಯ ಒಂದು ಗಿಡ ಇವರಿಗೆ ನೆನಪಾಯಿತು. ಕೆಂಪು ಬಣ್ಣ ಬಿಸಿಯನ್ನು ಬೇಗ ಹೀರಿಕೊಳ್ಳುವುದಾದರೆ ಬಣ್ಣ ಹಾಕಿದ ಇಂಧನವೂ ಬೇಗ ಆವಿಯಾಗಬಹುದಲ್ಲ? ಕೈಗೆ ಸಿಕ್ಕ ಅಯೋಡಿನ್ ಬೆರೆಸಿದರೆ ಸದ್ದು ನಿಂತೇಹೋಯಿತು! ಬೇರೆ ಕೆಂಪು ಬಣ್ಣಗಳನ್ನು ಬೆರೆಸಿ ನೋಡಿದಾಗ ಮಾತ್ರ ಏನೂ ಆಗಲಿಲ್ಲ. ಊಹೆ ತಪ್ಪು, ಫಲ ಸರಿ. ವಿಜ್ಞಾನದಲ್ಲಿ ಇಂಥ ಅದೃಷ್ಟ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು.

ಅಲ್ಲಿಂದ ಒಂದಾದ ಮೇಲೊಂದು ರಾಸಾಯನಿಕ ಪರೀಕ್ಷಿಸುತ್ತಾ 1921ರ ಡಿಸೆಂಬರ್‌ನಲ್ಲಿ ಟೆಟ್ರಾಈಥೈಲ್ ಲೆಡ್ ಕೈಗೆ ಬಂತು. ಚೂರೇಚೂರು ಬೆರೆಸಿದರೂ ಸದ್ದಿಲ್ಲ. ಆದರೆ ಅದರಲ್ಲಿದ್ದದ್ದು ಸೀಸ. ಸೀಸ ವಿಷ ಎಂಬುದು ಆಗಲೇ ಶತಮಾನಗಳಷ್ಟು ಹಳೆಯ ಸುದ್ದಿ. ಈ ವಸ್ತುವಿಗೆ ಈಥೈಲ್ ಎಂದು ಹೆಸರಿಟ್ಟವರು ಕೆಟರಿಂಗ್. ಸಂವಹನ ಓದಿದವಳಾಗಿ ನನಗೆ ಇಡೀ ಕತೆಯಲ್ಲಿ ಹೆಚ್ಚು ಚುಚ್ಚುವುದು ಈ ಹೆಸರೇ. ಅದರಲ್ಲಿ ಸೀಸ ಎಂಬ ಪದಕ್ಕೆ ಜಾಗವೇ ಇಲ್ಲ.

1923ರ ಫೆಬ್ರವರಿಯಲ್ಲಿ ಡೇಟನ್‌ನಲ್ಲಿ ಮಾರಾಟ ಶುರುವಾಯಿತು. ಅದೇ ಚಳಿಗಾಲದಲ್ಲಿ ಮಿಜ್ಲಿ ಸ್ವತಃ ಸೀಸದ ವಿಷದಿಂದ ಸುಸ್ತಾಗಿ ರಜೆ ಹಾಕಿದ್ದರು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಕಾರ್ಮಿಕರು ಭ್ರಮೆ, ಸೆಳೆತಕ್ಕೆ ಒಳಗಾಗಿ ಐವರು ಸತ್ತರು. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ಸರ್ಕಾರ ಸಭೆ ಕರೆಯಿತು. ಕಾರ್ಮಿಕರ ಆರೋಗ್ಯ ತಜ್ಞೆ ಆಲಿಸ್ ಹ್ಯಾಮಿಲ್ಟನ್ ವಿರೋಧಿಸಿದರು, ಕೆಟರಿಂಗ್ ಸಮರ್ಥಿಸಿದರು. ಆಲ್ಕೋಹಾಲ್ ಬೆರೆಸಿದರೂ ಸದ್ದು ನಿಲ್ಲುತ್ತದೆ ಎಂಬುದು ಅವರ ಪ್ರಯೋಗಾಲಯಕ್ಕೇ ಗೊತ್ತಿತ್ತು. ಈಗ ನಮ್ಮ ಬಂಕ್‌ಗಳಲ್ಲಿ ಜಗಳಕ್ಕೆ ಕಾರಣವಾಗಿರುವ ಎಥನಾಲ್ ಅದೇ. ಕಂಪನಿ ಕೆಲಕಾಲ ನಿಲ್ಲಿಸಿದ್ದ ಮಾರಾಟ 1926ರಲ್ಲಿ ಮತ್ತೆ ಶುರುವಾಯಿತು. ನಂತರದ ದಶಕಗಳಲ್ಲಿ ಸೀಸದಿಂದ ಅಪಾಯವಿಲ್ಲ ಎಂಬ ಮಾಹಿತಿ ಬಹುಪಾಲು ಬಂದದ್ದು ಸಿನ್ಸಿನಾಟಿಯಲ್ಲಿ ಉದ್ಯಮದ ದುಡ್ಡಿನಿಂದ ನಡೆದ ಪ್ರಯೋಗಾಲಯದಿಂದ. ಅದರ ಹೆಸರು ಕೆಟರಿಂಗ್ ಲ್ಯಾಬೊರೇಟರಿ.

ಅದೇ ಕೆಟರಿಂಗ್ ಹೆಸರು 1945ರಲ್ಲಿ ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೂ ಬಂತು. ಅಲ್ಲಿ ಕ್ಯಾನ್ಸರ್ ಔಷಧಗಳ ಮೇಲೆ ನಡೆದ ಕೆಲಸ ಎಷ್ಟೋ ಜೀವ ಉಳಿಸಿದೆ. ಡೇಟನ್ ಪಕ್ಕದ ಒಂದು ಊರಿಗೂ ಅವರದೇ ಹೆಸರು. ಅವರು ತೀರಿಕೊಂಡದ್ದು 1958ರ ನವೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ. ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್, ಗಾಳಿಯಲ್ಲೂ ನಮ್ಮ ದೇಹದಲ್ಲೂ ಸೀಸ ಎಷ್ಟು ಹೆಚ್ಚಿದೆ ಎಂದು ಜಗತ್ತಿಗೆ ತೋರಿಸಿದ್ದು ಅದಾದ ಮೇಲೆ, 1965ರಲ್ಲಿ.

ಇದು ಅಮೆರಿಕದ ಕತೆ ಮಾತ್ರ ಅಲ್ಲ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ನಮ್ಮ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, ಪರೀಕ್ಷಿಸಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ರಕ್ತದಲ್ಲಿ ಸೀಸ ಆಗಿನ ಎಚ್ಚರಿಕೆಯ ಮಟ್ಟ ದಾಟಿತ್ತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. 1999ರ ಫೆಬ್ರವರಿಯಲ್ಲಿ ಇದರ ಬಗ್ಗೆ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಜಗತ್ತಿನಲ್ಲಿ ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯ, ಅದು ನಿಲ್ಲಿಸಿದ್ದು 2021ರಲ್ಲಿ.

ಇನ್ನು ಹಳೆ ಕಾರಿನವರು ಹಂಚಿಕೊಳ್ಳುವ ಒಂದು ಸಲಹೆ: ಹಳೆ ಎಂಜಿನ್‌ಗೆ ಸೀಸ ಬೇಕೇ ಬೇಕು, ಇಲ್ಲದಿದ್ದರೆ ಸ್ಟಾರ್ಟಿಂಗ್ ತೊಂದರೆ ಬರುತ್ತದೆ ಎಂಬುದು. ಸೀಸಕ್ಕೂ ಕಿಡಿಗೂ ಇರುವ ಸಂಬಂಧ ಉಲ್ಟಾ. ಅದು ಪ್ಲಗ್‌ಗಳ ಮೇಲೆ ಪದರ ಕಟ್ಟಿ ಕಿಡಿಯನ್ನು ಕೆಡಿಸುತ್ತಿತ್ತು, ಅದನ್ನು ತೊಳೆದು ಹೊರಹಾಕಲೆಂದೇ ಪೆಟ್ರೋಲಿಗೆ ಬ್ರೋಮಿನ್ ಇರುವ ಇನ್ನೊಂದು ರಾಸಾಯನಿಕ ಬೆರೆಸಬೇಕಾಗಿತ್ತು. ಕೆಲವು ಹಳೆ ಎಂಜಿನ್‌ಗಳ ಮೆತು ಲೋಹದ ವಾಲ್ವ್ ಸೀಟ್‌ಗಳಿಗೆ ಸೀಸ ರಕ್ಷಣೆ ಕೊಡುತ್ತಿತ್ತು ಎಂಬುದು ನಿಜ. ಅದಕ್ಕೆ ಗಟ್ಟಿ ಲೋಹದ ಸೀಟ್ ಹಾಕಿಸಿದರೆ ಆಯಿತು. ಕೆಟರಿಂಗ್ ಸ್ಟಾರ್ಟರ್ ಕೂರಿಸಿದ 1912ರ ಆ ಕ್ಯಾಡಿಲಾಕ್ ಓಡುತ್ತಿದ್ದದ್ದು ಸೀಸದ ಒಂದು ಹನಿಯೂ ಇಲ್ಲದ ಪೆಟ್ರೋಲ್‌ನಲ್ಲಿ.